ಬೇರೆ ದೇಶದ ಬೋಟು ನಮ್ಮ ಸಮುದ್ರದಲ್ಲಿ ಮೀನು ಹಿಡಿದರೆ ಏನು ಮಾಡುತ್ತಾರೆ?

ಪ್ರಶ್ನೆ: ನಾನು ರಾಯಚೂರು ಕಡೆಯವಳು. ಕೃಷ್ಣಾ ಹೊಳೆ ದಂಡೆಯ ಊರು. ನಮ್ಮ ಮನೆಯವರು ಹರಿಗೋಲಲ್ಲಿ ಹೋಗಿ ಮೀನು ಹಿಡಿಯುತ್ತಾರೆ, ನಾನು ಸಂತೆಯಲ್ಲಿ ಮಾರುತ್ತೇನೆ. ತಮ್ಮನ ಮಗ ಎರಡು ವರ್ಷದಿಂದ ಮಲ್ಪೆಯಲ್ಲಿ ಆಳಸಮುದ್ರದ ಬೋಟಿಗೆ ಹೋಗುತ್ತಿದ್ದಾನೆ. ಬೇರೆ ದೇಶದವರು ನಮ್ಮ ಸಮುದ್ರಕ್ಕೆ ಬಂದು ಮೀನು ಬಳಿದುಕೊಂಡು ಹೋಗುತ್ತಾರಂತೆ. ಹಿಡಿದರೂ ಜೈಲಿಗೆ ಹಾಕೋ ಹಾಗಿಲ್ಲವಂತೆ. ಅದೇ ನಮ್ಮವರು ಗೆರೆ ದಾಟಿದರೆ ವರ್ಷಗಟ್ಟಲೆ ಒಳಗಿಡುತ್ತಾರೆ. ಇದೆಂಥ ಕಾನೂನು? ಆ ಗೆರೆ ನೀರಿನ ಮೇಲೆ ಯಾರ ಕಣ್ಣಿಗೆ ಕಾಣುತ್ತದೆ?

ಉತ್ತರ: ಅಕ್ಕಾ, ನಮಸ್ಕಾರ. ನಾನು ಕಂಪ್ಲಿಯವನು. ತುಂಗಭದ್ರೆಯಲ್ಲಿ ಈಜು ಕಲಿತವನು. ದುಡಿದದ್ದು ಮಾತ್ರ ಪೂರ್ತಿ ಸಮುದ್ರದ ಮೇಲೆ, ಕೋಸ್ಟ್ ಗಾರ್ಡ್‌ನಲ್ಲಿ. ಈಗ ನಿವೃತ್ತನಾಗಿ ಬಳ್ಳಾರಿಯಲ್ಲಿದ್ದೇನೆ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನೀವು ಕೇಳಿದ ಎರಡು ಮಾತೂ ನಿಜ. ಆದರೆ ಅವೆರಡೂ ಬೇರೆ ಬೇರೆ ನೀರಿನಲ್ಲಿ ನಡೆಯುವ ಸಂಗತಿಗಳು. ಸಮುದ್ರದಲ್ಲಿ ಒಂದೇ ಗೆರೆ ಇದೆ ಅಂದುಕೊಂಡಾಗ ಈ ಗೊಂದಲ ಆಗುತ್ತದೆ. ಇರೋದು ಒಂದಲ್ಲ.

ಮೊದಲನೆಯದು ದಡದಿಂದ 12 ನಾಟಿಕಲ್ ಮೈಲು ದೂರಕ್ಕೆ. ಸಮುದ್ರದ ಮೈಲು ಅಂದರೆ 1.852 ಕಿಲೋಮೀಟರ್. ಹಾಗಾಗಿ ಹೆಚ್ಚುಕಡಿಮೆ 22 ಕಿಲೋಮೀಟರ್. ಸಾಮಾನ್ಯವಾಗಿ ಸಮುದ್ರ ಇಳಿದಾಗ ದಡ ಎಲ್ಲಿರುತ್ತದೋ ಅಲ್ಲಿಂದ ಲೆಕ್ಕ. ಇದನ್ನು ಪ್ರಾದೇಶಿಕ ಸಮುದ್ರ ಅನ್ನುತ್ತಾರೆ. ಇದು ನಮ್ಮ ಮನೆಯ ಹಿತ್ತಲಿದ್ದ ಹಾಗೆ. ಇಲ್ಲಿ ನಮ್ಮ ನೆಲದ ಕಾನೂನೇ ನಡೆಯುತ್ತದೆ. ಬೇರೆ ದೇಶದ ಹಡಗು ಸುಮ್ನೆ ಹಾದು ಹೋಗಬಹುದು. ನಿಂತು ಬಲೆ ಬಿಟ್ಟರೆ ಆ ಹಾದಿಯ ಹಕ್ಕು ಅಲ್ಲಿಗೇ ಮುಗಿಯಿತು.

ಎರಡನೆಯದು 200 ನಾಟಿಕಲ್ ಮೈಲು, ಅಂದರೆ ಸುಮಾರು 370 ಕಿಲೋಮೀಟರ್. ಬಳ್ಳಾರಿಯಿಂದ ಹೊರಟು ಬೆಂಗಳೂರು ದಾಟಿ ಇನ್ನೂ ಮುಂದೆ ಹೋದಷ್ಟು ದೂರ. ಇದಕ್ಕೆ ವಿಶೇಷ ಆರ್ಥಿಕ ವಲಯ ಅಂತ ಹೆಸರು. ಹೆಸರು ಭಾರ ಅನ್ನಿಸಿದರೆ ಕೆರೆ ಗುತ್ತಿಗೆಯನ್ನು ನೆನಪಿಸಿಕೊಳ್ಳಿ. ಊರ ಕೆರೆಯ ಮೀನನ್ನು ಯಾರೋ ಹರಾಜಿನಲ್ಲಿ ಹಿಡಿಯುತ್ತಾರೆ. ಮೀನು ಅವರದ್ದು. ಬೇರೆಯವರು ಬಲೆ ಹಾಕಿದರೆ ಕೇಳೋ ಹಕ್ಕು ಅವರಿಗಿದೆ. ಹಾಗಂತ ಎಮ್ಮೆ ನೀರು ಕುಡಿಯೋದನ್ನು ತಡೆಯೋಕಾಗುತ್ತದೆಯೇ? ಏರಿ ಮೇಲೆ ನಡೆದು ಹೋಗುವವರನ್ನು ನಿಲ್ಲಿಸೋಕಾಗುತ್ತದೆಯೇ? ಈ 200 ಮೈಲಿನ ಕಥೆಯೂ ಅದೇ. ಒಳಗಿನ ಮೀನು, ತಳದ ಎಣ್ಣೆ, ಅನಿಲ ಎಲ್ಲ ನಮ್ಮದು. ನೀರಿನ ಮೇಲೆ ಎಲ್ಲ ದೇಶದ ಹಡಗುಗಳೂ ಓಡಾಡಬಹುದು. ಈ ವಲಯಗಳನ್ನು ನಾವು ಗುರುತು ಹಾಕಿಕೊಂಡಿದ್ದು 1976ರ ಕಾಯ್ದೆಯಿಂದ. ಒಟ್ಟು 20 ಲಕ್ಷ ಚದರ ಕಿಲೋಮೀಟರ್‌ಗೂ ಜಾಸ್ತಿ ಸಮುದ್ರ. ಕಾಯೋ ಕೆಲಸ ಎಂಥದ್ದು ಅಂತ ನೀವೇ ಊಹಿಸಿಕೊಳ್ಳಿ.

ಇನ್ನು ಶಿಕ್ಷೆಗೆ ಬರೋಣ. ಬೇರೆ ದೇಶದ ಮೀನುಗಾರಿಕೆ ಹಡಗುಗಳಿಗಾಗಿಯೇ 1981ರಲ್ಲಿ ಒಂದು ಪ್ರತ್ಯೇಕ ಕಾಯ್ದೆ ಬಂತು. ಕೇಂದ್ರ ಸರ್ಕಾರದ ಲೈಸೆನ್ಸ್ ಇಲ್ಲದೆ ನಮ್ಮ ವಲಯದಲ್ಲಿ ವಿದೇಶಿ ಹಡಗು ಮೀನು ಹಿಡಿಯುವಂತಿಲ್ಲ ಅನ್ನೋದು ಅದರ ತಿರುಳು. 12 ಮೈಲಿನ ಒಳಗೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ 15 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅದರಾಚೆ, 200 ಮೈಲಿನೊಳಗೆ ಸಿಕ್ಕರೆ 10 ಲಕ್ಷದವರೆಗೆ ದಂಡ ಮಾತ್ರ. ನೀವು ಕೇಳಿದ 'ಜೈಲಿಗೆ ಹಾಕೋ ಹಾಗಿಲ್ಲ' ಅನ್ನೋ ಮಾತು ಇಲ್ಲಿಂದ ಬಂದದ್ದು.

ಇದು ನಾವೊಬ್ಬರೇ ತೋರಿಸುವ ಉದಾರತೆ ಅಲ್ಲ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 73ನೇ ವಿಧಿ ಎಲ್ಲ ದೇಶಗಳಿಗೂ ಇದನ್ನೇ ಹೇಳುತ್ತದೆ. ಭಾರತ ಅದಕ್ಕೆ ಅಧಿಕೃತವಾಗಿ ಸೇರಿದ್ದು 1995ರಲ್ಲಿ. ಆರ್ಥಿಕ ವಲಯದಲ್ಲಿ ಮೀನು ಕದ್ದ ಹಡಗನ್ನು ನಿಲ್ಲಿಸಬಹುದು, ಹತ್ತಬಹುದು, ಹುಡುಕಬಹುದು, ಬಂದರಿಗೆ ಎಳೆತರಬಹುದು, ಕೋರ್ಟಿಗೆ ಹಾಕಬಹುದು. ಆದರೆ ಎರಡು ದೇಶಗಳ ನಡುವೆ ಬೇರೆ ಒಪ್ಪಂದ ಇಲ್ಲದಿದ್ದರೆ ಜೈಲು ಶಿಕ್ಷೆ ಕೊಡುವಂತಿಲ್ಲ. ಹೊಡೆಯುವ ಶಿಕ್ಷೆಯಂತೂ ಇಲ್ಲವೇ ಇಲ್ಲ. ಸರಿಯಾದ ಜಾಮೀನು ಹಣ ಕಟ್ಟಿದರೆ ಹಡಗನ್ನೂ ಜನರನ್ನೂ ಬೇಗ ಬಿಡಬೇಕು. ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶಕ್ಕೆ ತಕ್ಷಣ ತಿಳಿಸಬೇಕು. ಬಿಡಲಿಲ್ಲ ಅಂದರೆ ಆ ದೇಶ ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ಸಮುದ್ರ ಕಾನೂನು ನ್ಯಾಯಮಂಡಳಿಯ ಬಾಗಿಲು ತಟ್ಟಬಹುದು. ಎಷ್ಟೋ ದೇಶಗಳು ತಟ್ಟಿವೆ.

ಯಾಕೆ ಇಷ್ಟು ಮೆತ್ತಗೆ ಅಂತ ನೀವು ಕೇಳಬಹುದು. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅದನ್ನೇ ಕೇಳುತ್ತಿದ್ದೆ. ಒಂದು ಬೆಳಗ್ಗೆ ನಡೆದದ್ದನ್ನು ಹೇಳುತ್ತೇನೆ.

ಬಂಗಾಳ ಕೊಲ್ಲಿ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ರಾಡಾರ್‌ನಲ್ಲಿ ಒಂದು ಚುಕ್ಕೆ ತುಂಬಾ ನಿಧಾನಕ್ಕೆ ಸರಿಯುತ್ತಿತ್ತು. ಬಲೆ ಎಳೆಯುವ ಬೋಟು ಹಾಗೇ ಹೋಗೋದು. ವೈರ್‌ಲೆಸ್‌ನ 16ನೇ ಚಾನೆಲ್‌ನಲ್ಲಿ ಕರೆದೆವು, ಉತ್ತರ ಬರಲಿಲ್ಲ. ಹತ್ತಿರ ಹೋಗಿ ಮೈಕಿನಲ್ಲಿ ಕೂಗಿದೆವು. ಎಂಜಿನ್ ನಿಂತಿತು. ಮರದ ಬೋಟು, ಬೇರೆ ದೇಶದ್ದು. ಯಾವ ದೇಶ ಅನ್ನೋದು ಬೇಡ. ಹತ್ತಿ ನೋಡಿದರೆ ಬಲೆಯನ್ನು ಸುತ್ತಿಟ್ಟು ಮೇಲೆ ತಾಡಪತ್ರಿ ಹೊದಿಸಿದ್ದರು. ಲೈಸೆನ್ಸ್ ಇಲ್ಲದ ವಿದೇಶಿ ಬೋಟು ನಮ್ಮ ನೀರಿನಲ್ಲಿ ಹಾದು ಹೋಗುವಾಗ ಬಲೆಯನ್ನು ಹಾಗೇ ಕಟ್ಟಿಡಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಬೋಟಿನ ತಾಂಡೇಲನಿಗೆ, ಅಂದರೆ ಬೋಟು ನಡೆಸುವವನಿಗೆ, ಅದು ಗೊತ್ತಿತ್ತು. 'ದಾರಿ ತಪ್ಪಿ ಬಂದಿದ್ದೇವೆ, ಮೀನು ಹಿಡಿದಿಲ್ಲ' ಅಂತ ಕೈಸನ್ನೆಯಲ್ಲಿ ಹೇಳಿದ.

ನಾನು ತಾಡಪತ್ರಿ ಎತ್ತಿ ಬಲೆಯೊಳಗೆ ಮೊಣಕೈವರೆಗೆ ಕೈ ಹಾಕಿದೆ. ಒದ್ದೆ. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಒಂದು ಕಣ್ಣಿಯಲ್ಲಿ ಬೆರಳುದ್ದದ ಮೀನು ಸಿಕ್ಕಿಕೊಂಡು ಬಾಲ ಅಲ್ಲಾಡಿಸುತ್ತಿತ್ತು. ಆಮೇಲೆ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆಸಿದೆವು. ಮೇಲಿನ ಸಾಲಿನ ಮೀನಿನ ಕಿವಿರು ಎತ್ತಿ ನೋಡಿದೆ. ಕೆಂಪಗೆ ರಕ್ತದ ಬಣ್ಣ. ಕೆಳಗಿನ ಸಾಲು ಕಂದು ತಿರುಗಿತ್ತು. ನೀವು ಸಂತೆಯಲ್ಲಿ ಗಿರಾಕಿಗೆ ಕಿವಿರು ಎತ್ತಿ ತೋರಿಸುತ್ತೀರಲ್ಲ, ಅದೇ ಪರೀಕ್ಷೆ. ಕೆಳಗಿನದು ಹಿಂದಿನ ದಿನಗಳದ್ದು, ಮೇಲಿನದು ಆ ರಾತ್ರಿಯದ್ದು. ಆ ರಾತ್ರಿ ಪೂರ್ತಿ ಆ ಚುಕ್ಕೆ ನಮ್ಮ ರಾಡಾರ್‌ನಲ್ಲಿ ನಮ್ಮ ಗೆರೆಯ ಒಳಗೇ ಇತ್ತು. ಅವನ ಜಿಪಿಎಸ್‌ನಲ್ಲಿ ಹಳೆಯ ಗುರುತುಗಳೂ ಇದ್ದವು. ಎಲ್ಲೆಲ್ಲಿ ಮೀನು ಜಾಸ್ತಿ ಸಿಕ್ಕಿತ್ತೋ ಅಲ್ಲೆಲ್ಲ ಚುಕ್ಕೆ ಇಟ್ಟುಕೊಂಡಿದ್ದ.

ಪಂಚನಾಮೆ ಬರೆಯುವಾಗ ಅಡುಗೆ ಮಾಡುವ ಹುಡುಗ ನಮಗೂ ಚಹಾ ತಂದುಕೊಟ್ಟ. ಹದಿನೆಂಟು ದಾಟಿರಲಿಕ್ಕಿಲ್ಲ. ಅಂಗಾಲು ಉಪ್ಪುನೀರಿಗೆ ಬಿರಿದು ಬಟ್ಟೆ ಸುತ್ತಿಕೊಂಡಿದ್ದ. ಮಾಲೀಕನಿಂದ ಮುಂಗಡ ತೆಗೆದುಕೊಂಡಿದ್ದಾನೆ, ಅದು ತೀರುವವರೆಗೆ ಬೋಟು ಬಿಡುವಂತಿಲ್ಲ ಅಂತ ನಮ್ಮಲ್ಲಿ ಭಾಷೆ ಬಲ್ಲ ಒಬ್ಬರು ಕೇಳಿ ತಿಳಿಸಿದರು. ನನಗೆ ನಮ್ಮ ಕಡೆಯ ಇಟ್ಟಿಗೆ ಭಟ್ಟಿಯ ಹುಡುಗರು ನೆನಪಾದರು. ಬೋಟು ಎಲ್ಲಿಗೆ ಹೋಗಬೇಕು ಅಂತ ಅವನನ್ನು ಯಾರೂ ಕೇಳಿರಲಿಲ್ಲ. ಗೆರೆ ದಾಟಿದ್ದು ಅವನಿಗೆ ಗೊತ್ತೂ ಇರಲಿಲ್ಲ. ಲಾಭ ಎಣಿಸುವ ಮಾಲೀಕ ಅವನ ದೇಶದ ದಡದಲ್ಲಿ ನಿದ್ದೆ ಮಾಡುತ್ತಿದ್ದ.

ಅವತ್ತಿನಿಂದ ನನಗೆ ಆ 73ನೇ ವಿಧಿ ಮೆತ್ತಗೆ ಅನ್ನಿಸಿಲ್ಲ. ಹುಡುಗನನ್ನು ವರ್ಷಗಟ್ಟಲೆ ಜೈಲಿಗೆ ಹಾಕಿದರೆ ಮಾಲೀಕನಿಗೆ ಏನು ನಷ್ಟ? ಇನ್ನೊಬ್ಬ ಹುಡುಗನನ್ನು ಹುಡುಕುತ್ತಾನೆ. ಬೋಟು ಹೋದರೆ ಮಾತ್ರ ಅವನಿಗೆ ಉರಿ ತಾಗೋದು. 1981ರ ಕಾಯ್ದೆಯ ನಿಜವಾದ ಹಲ್ಲು ಇರೋದೂ ಅಲ್ಲೇ. ತಪ್ಪು ಸಾಬೀತಾದರೆ ಹಡಗು, ಬಲೆ, ಸಲಕರಣೆ, ಒಳಗಿನ ಮೀನು ಎಲ್ಲವನ್ನೂ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ದಂಡದ ಮೊತ್ತ ಮಾತ್ರ ನನಗೆ ಸಮಾಧಾನ ತರುವುದಿಲ್ಲ. 1981ರಲ್ಲಿ 10 ಲಕ್ಷ ದೊಡ್ಡ ದುಡ್ಡು. ಇವತ್ತು ಉಕ್ಕಿನ ದೊಡ್ಡ ಟ್ಯೂನಾ ಹಡಗಿನ ಮಾಲೀಕನಿಗೆ ಅದು ಖರ್ಚಿನ ಲೆಕ್ಕದಲ್ಲಿ ಒಂದು ಸಾಲು. ಅದನ್ನು ಏರಿಸಲೇಬೇಕು.

ಈಗ ನಿಮ್ಮ ಎರಡನೇ ಮಾತು, ನಮ್ಮವರನ್ನು ಯಾಕೆ ವರ್ಷಗಟ್ಟಲೆ ಒಳಗಿಡುತ್ತಾರೆ ಅನ್ನೋದು. ನೀವು ಟಿವಿಯಲ್ಲಿ ನೋಡೋದು ಎರಡು ಜಾಗದ ಸುದ್ದಿ. ಒಂದು ರಾಮೇಶ್ವರದ ಕಡೆ, ಇನ್ನೊಂದು ಗುಜರಾತಿನ ಕಡೆ.

ರಾಮೇಶ್ವರದ ಎದುರಿನ ಪಾಕ್ ಕೊಲ್ಲಿಯಲ್ಲಿ ನಮಗೂ ಶ್ರೀಲಂಕಾಕ್ಕೂ ನಡುವಿನ ನೀರೇ ಕಡಿಮೆ. ಅಲ್ಲಿ 200 ಮೈಲು ಅಳೆಯೋಕೆ ಜಾಗ ಎಲ್ಲಿ? ನಮ್ಮ ಹಿತ್ತಲು ಮುಗಿದ ತಕ್ಷಣ ಅವರ ಹಿತ್ತಲು. 1974 ಮತ್ತು 1976ರ ಒಪ್ಪಂದಗಳಲ್ಲಿ ಎರಡು ದೇಶಗಳೂ ಕೂತು ಗೆರೆ ಹಾಕಿಕೊಂಡವು. ಅದನ್ನು ದಾಟಿದರೆ ಸಿಗೋದು ಶ್ರೀಲಂಕಾದ ಸ್ವಂತ ನೀರು. ಆರ್ಥಿಕ ವಲಯಕ್ಕೆ ಹೇಳಿದ 73ನೇ ವಿಧಿಯ ರಕ್ಷಣೆ ಅಲ್ಲಿ ಸಿಗುವುದಿಲ್ಲ. ಹಾಗಾಗಿ ಅವರ ಕೋರ್ಟು ಜೈಲಿಗೂ ಹಾಕಬಹುದು. ವಿದೇಶಿ ಬೋಟುಗಳ ಮೇಲಿನ ದಂಡವನ್ನು ಅವರು 2018ರಲ್ಲಿ ತುಂಬಾ ಏರಿಸಿದರು. ಜನ ಬಿಡುಗಡೆಯಾಗಿ ಬಂದರೂ ಎಷ್ಟೋ ಬೋಟುಗಳು ಅಲ್ಲೇ ಕೊಳೆಯುತ್ತವೆ.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು ಅಕ್ಕಾ. ಅಲ್ಲಿಗೆ ಹೋಗುವ ನಮ್ಮ ಟ್ರಾಲರ್‌ಗಳು ತಳ ಕೆರೆಯುವ ಬಲೆ ಎಳೆಯುತ್ತವೆ. ಆ ಕಡೆ ಇರುವವರು ಶ್ರೀಲಂಕಾದ ಒಳಯುದ್ಧದಲ್ಲಿ ಎಲ್ಲ ಕಳೆದುಕೊಂಡು 2009ರ ನಂತರ ಮತ್ತೆ ಸಮುದ್ರಕ್ಕಿಳಿದ ಬಡ ತಮಿಳು ಮೀನುಗಾರರು. ರಾತ್ರಿ ಅವರು ಬಿಟ್ಟ ಸಣ್ಣ ಬಲೆಗಳು ನಮ್ಮ ಟ್ರಾಲರ್‌ಗೆ ಸಿಕ್ಕಿ ಹರಿದು ಹೋಗುತ್ತವೆ. ಶ್ರೀಲಂಕಾ 2017ರಲ್ಲಿ ತಳ ಕೆರೆಯುವ ಬಲೆಯನ್ನೇ ತನ್ನ ನೀರಿನಲ್ಲಿ ನಿಷೇಧಿಸಿತು. ನಮ್ಮ ನೀರಿಗೆ ಬರುವವರ ಮೇಲೆ ನಮಗೆ ಬರುವ ಸಿಟ್ಟು ಅವರಿಗೆ ನಮ್ಮವರ ಮೇಲೆ ಬರುತ್ತದೆ. ಹಾಗಂತ ಅವರ ಗುಂಡಿಗೆ ನಮ್ಮ ಮೀನುಗಾರ ಸಾಯೋದನ್ನು ನಾನು ಯಾವತ್ತೂ ಒಪ್ಪೋದಿಲ್ಲ. ಮೀನಿನ ಜಗಳಕ್ಕೆ ಗುಂಡು ಉತ್ತರ ಅಲ್ಲ.

ಗುಜರಾತಿನ ಕಡೆ ಕಥೆ ಇನ್ನೂ ಕೆಟ್ಟದು. ಕಛ್ ಗಡಿಯ ಸರ್ ಕ್ರೀಕ್ ಅನ್ನೋ ಉಪ್ಪುನೀರಿನ ಕಾಲುವೆಯ ವಿವಾದ ಬಗೆಹರಿಯದೆ ಪಾಕಿಸ್ತಾನದ ಜೊತೆ ಸಮುದ್ರದ ಗಡಿಯೇ ತೀರ್ಮಾನವಾಗಿಲ್ಲ. ಎರಡೂ ಕಡೆಯವರು ಒಬ್ಬರ ಮೀನುಗಾರರನ್ನು ಇನ್ನೊಬ್ಬರು ಹಿಡಿಯುತ್ತಾರೆ. ಶಿಕ್ಷೆ ಮುಗಿದ ಮೇಲೂ 'ಇವನು ನಮ್ಮವನೇ' ಅಂತ ದೇಶ ಖಾತ್ರಿ ಮಾಡುವವರೆಗೆ ಒಳಗೇ ಇರಬೇಕಾಗುತ್ತದೆ. 2008ರ ಒಪ್ಪಂದದ ಪ್ರಕಾರ ಪ್ರತಿ ಜನವರಿ 1 ಮತ್ತು ಜುಲೈ 1ರಂದು ಎರಡೂ ದೇಶಗಳು ತಮ್ಮಲ್ಲಿರುವ ಕೈದಿಗಳ, ಮೀನುಗಾರರ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ಎಷ್ಟೋ ಮನೆಗಳಿಗೆ ಮಗ ಬದುಕಿದ್ದಾನೆ ಅನ್ನೋದಕ್ಕೆ ಆ ಪಟ್ಟಿಯೇ ಆಧಾರ.

ಗೆರೆ ಯಾರ ಕಣ್ಣಿಗೆ ಕಾಣುತ್ತದೆ ಅಂದಿರಿ. ಕಣ್ಣಿಗೆ ಕಾಣೋದಿಲ್ಲ. ಉಪಕರಣಕ್ಕೆ ಮಾತ್ರ ಕಾಣುತ್ತದೆ. ಅದಕ್ಕೇ ಕೋರ್ಟಿನಲ್ಲಿ ಕೇಸು ಗೆಲ್ಲೋದೂ ಸೋಲೋದೂ ಆ ಒಂದು ಅಂಕಿಯ ಮೇಲೆ. ಹಡಗು ಸಿಕ್ಕಿದ್ದು ಎಲ್ಲಿ, ಎಷ್ಟು ಗಂಟೆಗೆ, ಆಗ ಬಲೆ ನೀರಿನಲ್ಲಿತ್ತೋ ಇಲ್ಲವೋ. ನಾವು ಜಿಪಿಎಸ್ ಪರದೆಯ ಫೋಟೊ ತೆಗೆಯುತ್ತಿದ್ದೆವು, ರಾಡಾರ್ ದಾಖಲೆ ತೆಗೆಯುತ್ತಿದ್ದೆವು, ನಮ್ಮ ಹಡಗಿನ ಲಾಗ್ ಪುಸ್ತಕದಲ್ಲಿ ನಿಮಿಷ ನಿಮಿಷಕ್ಕೂ ಬರೆಯುತ್ತಿದ್ದೆವು. ಅದರಲ್ಲಿ ಸ್ವಲ್ಪ ಎಡವಿದರೂ ಸಿಕ್ಕವರು ಕೈತಪ್ಪಿ ಹೋಗುತ್ತಾರೆ.

ಇದಕ್ಕೆ ಆಸ್ಟ್ರೇಲಿಯಾದ ಒಂದು ಉದಾಹರಣೆ ಇದೆ. 2003ರ ಆಗಸ್ಟ್‌ನಲ್ಲಿ ಅವರ ಗಸ್ತು ಹಡಗು ದಕ್ಷಿಣದ ಹಿಮಸಮುದ್ರದಲ್ಲಿ, ಹರ್ಡ್ ದ್ವೀಪದ ಬಳಿ ವಿಯಾರ್ಸಾ-1 ಅನ್ನೋ ಹಡಗನ್ನು ಕಂಡಿತು. ಉರುಗ್ವೆ ದೇಶದ ಬಾವುಟ. ಹಿಡಿಯಲು ಹೊರಟಿದ್ದು ಟೂತ್‌ಫಿಶ್ ಅನ್ನೋ ಭಾರಿ ಬೆಲೆಯ ಮೀನು. ನಿಲ್ಲು ಅಂದರೆ ನಿಲ್ಲಲಿಲ್ಲ. ಬೆನ್ನು ಹತ್ತಿದರು. ಒಂದು ದಿನ ಎರಡು ದಿನ ಅಲ್ಲ, 21 ದಿನ. 3,900 ನಾಟಿಕಲ್ ಮೈಲು, ಅಂದರೆ 7,200 ಕಿಲೋಮೀಟರ್. ಮಂಜುಗಡ್ಡೆ, ಮನೆಯೆತ್ತರದ ಅಲೆ, ಎಲ್ಲ ದಾಟಿ ಕೊನೆಗೆ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ದಕ್ಷಿಣ ಆಫ್ರಿಕಾ, ಬ್ರಿಟನ್ ಕಡೆಯ ಹಡಗುಗಳ ಸಹಾಯದಿಂದ ಹಿಡಿದರು. ಒಳಗೆ ಟನ್‌ಗಟ್ಟಲೆ ಮೀನಿತ್ತು. ಆದರೂ 2005ರಲ್ಲಿ ಜ್ಯೂರಿ ಆ ಹಡಗಿನ ಸಿಬ್ಬಂದಿಯನ್ನು ನಿರ್ದೋಷಿಗಳು ಅಂದಿತು. ಮೀನು ಇದ್ದದ್ದು ನಿಜ, ಅದನ್ನು ಆಸ್ಟ್ರೇಲಿಯಾದ ನೀರಿನಲ್ಲೇ ಹಿಡಿದರು ಅನ್ನೋದಕ್ಕೆ ಕಣ್ಣಾರೆ ಕಂಡವರು ಯಾರು? ನನ್ನ ಕೈಗೆ ಸಿಕ್ಕ ಆ ಒದ್ದೆ ಬಲೆಯ ಬೆಲೆ ಈ ಕಥೆ ಓದಿದಾಗ ನನಗೆ ಇನ್ನೂ ಚೆನ್ನಾಗಿ ತಿಳಿಯಿತು.

ಹಾಗೆ ಬೆನ್ನು ಹತ್ತೋದಕ್ಕೂ ನಿಯಮ ಇದೆ. ಓಡುವ ಹಡಗು ಇನ್ನೂ ನಮ್ಮ ವಲಯದಲ್ಲಿರುವಾಗಲೇ ಶುರು ಮಾಡಬೇಕು. ಅದಕ್ಕೆ ಕಾಣುವಷ್ಟು ಅಥವಾ ಕೇಳುವಷ್ಟು ಹತ್ತಿರದಿಂದ 'ನಿಲ್ಲು' ಅಂತ ಸೂಚನೆ ಕೊಟ್ಟಿರಬೇಕು. ನಡುವೆ ಬಿಡದೆ ಹಿಂಬಾಲಿಸಬೇಕು. ಅದು ತನ್ನ ದೇಶದ ಅಥವಾ ಇನ್ನೊಂದು ದೇಶದ 12 ಮೈಲಿನೊಳಗೆ ನುಗ್ಗಿದರೆ ಅಲ್ಲಿಗೆ ಬಿಟ್ಟುಬಿಡಬೇಕು. ಇದನ್ನು ಮೀರಿದ್ದಕ್ಕೆ ಗಿನಿ ದೇಶ ದೊಡ್ಡ ಬೆಲೆ ತೆತ್ತಿತು. 1997ರಲ್ಲಿ ಅವರು ಸೈಗಾ ಅನ್ನೋ ಹಡಗನ್ನು ಹಿಡಿದರು. ಅದು ಮೀನುಗಾರಿಕೆ ಬೋಟುಗಳಿಗೆ ಸಮುದ್ರದಲ್ಲೇ ಡೀಸೆಲ್ ತುಂಬುತ್ತಿತ್ತು. ಸರಿಯಾಗಿ ಎಚ್ಚರಿಕೆ ಕೊಡದೆ ನಿಜವಾದ ಗುಂಡು ಹಾರಿಸಿದರು, ಜನರಿಗೆ ಗಾಯ ಆಯಿತು. 1999ರಲ್ಲಿ ಹ್ಯಾಂಬರ್ಗ್ ನ್ಯಾಯಮಂಡಳಿ ಹಿಡಿದದ್ದೇ ತಪ್ಪು, ಬಲಪ್ರಯೋಗ ಮಿತಿ ಮೀರಿತು ಅಂದಿತು. 21 ಲಕ್ಷ ಡಾಲರ್‌ಗೂ ಜಾಸ್ತಿ ಪರಿಹಾರ ಕಟ್ಟಬೇಕು ಅಂತ ತೀರ್ಪು ಕೊಟ್ಟಿತು. ಮೊದಲು ಸನ್ನೆ, ಆಮೇಲೆ ಹಡಗಿನ ಮುಂದೆ ನೀರಿಗೆ ಗುಂಡು, ಬೇರೆ ದಾರಿಯೇ ಇಲ್ಲದಾಗ ಮಾತ್ರ ಬಲ, ಅದೂ ಜೀವಕ್ಕೆ ಅಪಾಯ ಆಗದ ಹಾಗೆ. ನಮ್ಮ ತರಬೇತಿಯಲ್ಲೂ ಇದನ್ನೇ ತಲೆಗೆ ತುಂಬುತ್ತಿದ್ದರು.

ಹಿಡಿದ ಬೋಟುಗಳನ್ನು ಮುಳುಗಿಸಿದವರೂ ಇದ್ದಾರೆ. ಇಂಡೊನೇಷ್ಯಾದಲ್ಲಿ 2014ರಿಂದ 2019ರವರೆಗೆ ಸಚಿವೆಯಾಗಿದ್ದ ಸುಸಿ ಪುಜಿಯಾಸ್ತುತಿ ಜನರನ್ನು ಇಳಿಸಿ ನೂರಾರು ಕಳ್ಳ ಬೋಟುಗಳನ್ನು ಸಮುದ್ರದ ತಳ ಕಾಣಿಸಿದರು. ಅವರು ಮೊದಲು ಮೀನು ವ್ಯಾಪಾರ ಮಾಡುತ್ತಿದ್ದವರು, ನಿಮ್ಮ ಹಾಗೇ. ಪರಿಸರಕ್ಕೆ ಅದು ಒಳ್ಳೆಯದೋ ಅಲ್ಲವೋ ಅಂತ ವಾದ ಇದೆ. ಆದರೆ ಏಟು ಬಿದ್ದದ್ದು ಮಾಲೀಕನ ಗಂಟಿಗೆ, ಅದು ನನಗೆ ಸರಿ ಕಾಣುತ್ತದೆ.

ಒಂದು ಮಾತು ಬಿಟ್ಟುಹೋಗಬಾರದು. ನಮ್ಮ ನೀರಿನಲ್ಲಿ ಕಾಣಿಸುವ ವಿದೇಶಿ ಬೋಟೆಲ್ಲ ಕಳ್ಳ ಬೋಟಲ್ಲ. 2019ರ ಜೂನ್‌ನಲ್ಲಿ ವಾಯು ಚಂಡಮಾರುತ ಬಂದಾಗ ಚೀನಾದ ಹತ್ತು ಮೀನುಗಾರಿಕೆ ಹಡಗುಗಳು ಮಹಾರಾಷ್ಟ್ರದ ರತ್ನಗಿರಿ ಕಡೆ ಆಶ್ರಯ ಕೇಳಿಕೊಂಡು ಬಂದವು. ಕೋಸ್ಟ್ ಗಾರ್ಡ್ ಕಾವಲಿಟ್ಟು ಒಳಗೆ ಬಿಟ್ಟಿತು. ಬಿರುಗಾಳಿಯಲ್ಲಿ ಜೀವ ಉಳಿಸಿಕೊಳ್ಳಲು ಬಂದವರನ್ನು ಹೊರಗೆ ತಳ್ಳುವ ಕಾನೂನು ಸಮುದ್ರದಲ್ಲಿ ಇಲ್ಲ. ಹೊಳೆಯಲ್ಲೂ ಇಲ್ಲ ಅಲ್ವಾ? ಆ ದಂಡೆಯ ಹರಿಗೋಲು ಪ್ರವಾಹಕ್ಕೆ ಸಿಕ್ಕಿ ಈ ದಂಡೆಗೆ ಬಂದರೆ, ನೀನು ತೆಲಂಗಾಣದವನು ಅಂತ ನಿಮ್ಮ ಮನೆಯವರು ಹಗ್ಗ ಎಸೆಯದೆ ಇರುತ್ತಾರೆಯೇ?

ಇನ್ನು ನಿಮ್ಮ ತಮ್ಮನ ಮಗನ ವಿಷಯ. ಮಲ್ಪೆಯ ಬೋಟು ಸಾಮಾನ್ಯವಾಗಿ ಬೇರೆ ದೇಶದ ಗೆರೆಯ ಹತ್ತಿರ ಹೋಗುವುದಿಲ್ಲ. ಅಷ್ಟರಮಟ್ಟಿಗೆ ಧೈರ್ಯವಾಗಿರಿ. ಗುಜರಾತ್ ಅಥವಾ ರಾಮೇಶ್ವರದ ಕಡೆ ಬೋಟಿನ ಕೆಲಸಕ್ಕೆ ಯಾರಾದರೂ ಜಾಸ್ತಿ ಸಂಬಳ ಹೇಳಿ ಕರೆದರೆ ಮಾತ್ರ ಹತ್ತು ಸಲ ಯೋಚನೆ ಮಾಡಲಿ. ಬೋಟಿನಲ್ಲಿ ಟ್ರಾನ್ಸ್‌ಪಾಂಡರ್ ಇದೆಯೇ ಅಂತ ತಾಂಡೇಲನನ್ನು ಕೇಳಲಿ. ಕೇಂದ್ರ ಸರ್ಕಾರ ಒಂದು ಲಕ್ಷ ಬೋಟುಗಳಿಗೆ ಅದನ್ನು ಹಾಕಿಸುವ ಯೋಜನೆಯನ್ನು 2024ರಲ್ಲಿ ಶುರು ಮಾಡಿತು. ಗಡಿ ಹತ್ತಿರ ಬಂದರೆ ಅದು ಎಚ್ಚರಿಸುತ್ತದೆ, ಕಷ್ಟದಲ್ಲಿದ್ದಾಗ ದಡಕ್ಕೆ ಸಂದೇಶ ಕಳಿಸುತ್ತದೆ. ಅದನ್ನು ಬಂದ್ ಮಾಡಿ ಹೋಗೋಣ ಅನ್ನುವ ಬೋಟನ್ನು ಅವನು ಹತ್ತಲೇಬಾರದು. ಕೋಸ್ಟ್ ಗಾರ್ಡ್‌ನ ಸಹಾಯವಾಣಿ 1554. ಅದನ್ನು ಅವನ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಹಾಕಿಡಿ.

ಮೀನುಗಾರರ ಗುರುತಿನ ಚೀಟಿ ಮತ್ತು ಆಧಾರ್ ಬೋಟಿನಲ್ಲಿ ಅವನ ಜೊತೆಗಿರಲಿ. ಸಿಕ್ಕಿಬಿದ್ದ ಮನುಷ್ಯ ಯಾವ ದೇಶದವನು ಅಂತ ತೋರಿಸಲು ಕಾಗದ ಇಲ್ಲದೇ ಹೋದಾಗ ತಿಂಗಳುಗಳು ವರ್ಷಗಳಾಗಿ ಹೋಗುತ್ತವೆ. ನಮ್ಮ ಕಡೆಯ ಹುಡುಗರು ಕೆಲಸಕ್ಕೆ ಅಂತ ಹೋಗುವಾಗ ಈ ಚೀಟಿ ಮಾಡಿಸುವುದನ್ನೇ ಮರೆಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಆಳಸಮುದ್ರದ ಬೋಟು ಇಳಿಯುವುದಿಲ್ಲ. ಆಗ ಅವನು ಊರಿಗೆ ಬರುತ್ತಾನಲ್ಲ. ಬೋಟಿನ ಹೆಸರು, ನೋಂದಣಿ ನಂಬರು, ಮಾಲೀಕನ ಫೋನು, ಚೀಟಿಯ ಜೆರಾಕ್ಸ್ ಇಷ್ಟನ್ನೂ ಅವನಿಂದ ತೆಗೆದುಕೊಂಡು ಮನೆಯ ಟ್ರಂಕಿನಲ್ಲಿ ರೇಷನ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ.